ಕಡಿಮೆ ಬೆಲೆಯ ಮಡಚುವ ಟ್ರೆಡ್‌ಮಿಲ್: ನಡೆಯಲು ಸಾಕು, ಓಡಲು ಸಾಲದು

ಪ್ರಶ್ನೆ: ಮನೆಗೆ ಒಂದು ಮಡಚುವ ಟ್ರೆಡ್‌ಮಿಲ್ ತರಬೇಕು ಅಂತಿದ್ದೇವೆ. ಕಡಿಮೆ ಬೆಲೆಯದ್ದೊಂದು ಕಣ್ಣಿಗೆ ಬಿದ್ದಿದೆ. 4 ಎಚ್‌ಪಿ ಪೀಕ್ ಮೋಟಾರ್, ಗಂಟೆಗೆ 14 ಕಿ.ಮೀ. ವೇಗ, ಬೆಲ್ಟ್ 110 × 40 ಸೆಂ.ಮೀ., 110 ಕೆ.ಜಿ. ತೂಕದವರೆಗೆ ತಡೆಯುತ್ತದಂತೆ. 12 ಪ್ರೋಗ್ರಾಂ, ಬ್ಲೂಟೂತ್ ಸ್ಪೀಕರ್ ಎಲ್ಲ ಇದೆ. ನನ್ನ ತೂಕ 82 ಕೆ.ಜಿ., ಎತ್ತರ 172 ಸೆಂ.ಮೀ. ದಿನಾ ಅರ್ಧ ಗಂಟೆ ನಡೆಯಬೇಕು, ಆಮೇಲೆ ಓಟವನ್ನೂ ಶುರುಮಾಡಬೇಕು ಅಂತ ಆಸೆ. 68 ವರ್ಷದ ಅಮ್ಮನೂ ಬಳಸುತ್ತಾರೆ, ಅವರಿಗೆ ಬಿ.ಪಿ. ಮಾತ್ರೆ ನಡೀತಿದೆ. ಮನೆ ಎರಡನೇ ಮಹಡಿಯಲ್ಲಿದೆ. 4 ವರ್ಷದ ಮಗನಿದ್ದಾನೆ. ಇದನ್ನು ಕೊಳ್ಳಬಹುದೇ?

ಉತ್ತರ: ನಡೆಯುವುದಕ್ಕಾದರೆ ಈ ಜಾತಿಯ ಮೆಷಿನ್ ಕೊಳ್ಳಬಹುದು. ಓಡುವುದಕ್ಕಾದರೆ ಬೇಡ. ನೀವು ಹೇಳಿದ ಈ ಮಾಡೆಲ್‌ನ ಬೆಲ್ಟ್ ಮಾತ್ರ ನಿಮ್ಮ ಎತ್ತರಕ್ಕೆ ಗಿಡ್ಡ. ಅದೇ ಬೆಲೆಯಲ್ಲಿ ಇನ್ನೂ ಸ್ವಲ್ಪ ಉದ್ದದ್ದು ಸಿಗುತ್ತದಾ ಅಂತ ಹುಡುಕಿ. ಯಾಕೆ ಅಂತ ಒಂದೊಂದಾಗಿ ಹೇಳುತ್ತೇನೆ.

ನೀವು ಕಳಿಸಿದ ವಿವರದಲ್ಲಿ ಅಂಕಿಗಳು ಬೇಕಾದಷ್ಟಿವೆ. ಆದರೆ ನಿರ್ಧಾರ ಮಾಡೋಕೆ ಬೇಕಾದ ಅಂಕಿಗಳೇ ಅದರಲ್ಲಿಲ್ಲ. ಮೋಟಾರ್ ಸತತವಾಗಿ ಎಷ್ಟು ಶಕ್ತಿ ಕೊಡುತ್ತದೆ, ಮೆಷಿನ್‌ನ ಸ್ವಂತ ತೂಕ ಎಷ್ಟು, ಮುಂಭಾಗವನ್ನು ಏರಿಸಬಹುದಾ, ಕೆಟ್ಟರೆ ಮನೆಗೆ ಬಂದು ರಿಪೇರಿ ಮಾಡುವವರು ಯಾರು? ಮಾರುವವರನ್ನು ಮೊದಲು ಕೇಳಬೇಕಾದದ್ದು ಇವನ್ನು.

4 ಎಚ್‌ಪಿ ಅಂದರೆ ನಿಜಕ್ಕೂ ಎಷ್ಟು?

ಒಂದು ಎಚ್‌ಪಿ ಅಂದರೆ 746 ವಾಟ್. ಹಾಗಾದರೆ 4 ಎಚ್‌ಪಿ ಅಂದರೆ ಹತ್ತಿರ ಹತ್ತಿರ 3,000 ವಾಟ್. ಮನೆಯ ಮಾಮೂಲಿ ಪ್ಲಗ್‌ಗೆ ಚುಚ್ಚುವ ಸಣ್ಣ ಮೆಷಿನ್ ಅರ್ಧ ಗಂಟೆ ಹೊತ್ತು ಅಷ್ಟು ಶಕ್ತಿ ಕೊಡುವುದಿಲ್ಲ. ‘ಪೀಕ್’ ಅಂತ ಬರೆದಿರುವುದು ಅದಕ್ಕೇ. ಮೋಟಾರ್ ಕೆಲವೇ ಕ್ಷಣ ಮುಟ್ಟಬಲ್ಲ ತುತ್ತತುದಿ ಅದು. ನಿಮಗೆ ಬೇಕಾದದ್ದು ‘ಕಂಟಿನ್ಯೂಯಸ್’ ಅಂಕಿ, ಅಂದರೆ ನಿಲ್ಲಿಸದೆ ಓಡಿದಾಗಲೂ ಮೋಟಾರ್ ಬಿಸಿಯೇರಿ ಸೋಲದೆ ಕೊಡುವ ಶಕ್ತಿ. ಸುಮಾರು ಕಡೆ ಇದನ್ನು ಬರೆದಿರುವುದೇ ಇಲ್ಲ.

ಬರೆದಿಲ್ಲವಾದರೆ ತಿಳಿಯೋದು ಹೇಗೆ? ಮೆಷಿನ್‌ನ ಮುಂಭಾಗದಲ್ಲಿ, ವೈರ್ ಒಳಗೆ ಹೋಗುವ ಜಾಗದ ಹತ್ತಿರ ಒಂದು ಸಣ್ಣ ಪಟ್ಟಿ ಅಂಟಿಸಿರುತ್ತಾರೆ. ವೋಲ್ಟೇಜ್, ವಾಟ್, ಕೆಲವೊಮ್ಮೆ ಆಂಪಿಯರ್ ಅದರಲ್ಲಿರುತ್ತದೆ. ಅಂಗಡಿಯಲ್ಲಿ ನೋಡುತ್ತಿದ್ದರೆ ಬಗ್ಗಿ ಓದಿ. ಆನ್‌ಲೈನ್ ಆದರೆ ಆ ಪಟ್ಟಿಯ ಫೋಟೊ ಕಳಿಸಿ ಅಂತ ಕೇಳಿ. ಅಲ್ಲಿ 750 ವಾಟ್ ಅಂತಿದ್ದರೆ, ಹೊರಗಿನ ಡಬ್ಬಿಯ ಮೇಲೆ ಎಷ್ಟೇ ದೊಡ್ಡ ಅಕ್ಷರದಲ್ಲಿ 4 ಎಚ್‌ಪಿ ಅಂತಿದ್ದರೂ, ಸತತವಾಗಿ ನಿಮಗೆ ಸಿಗುವುದು 1 ಎಚ್‌ಪಿಗಿಂತ ಕಡಿಮೆಯೇ. ಫೋಟೊ ಕಳಿಸೋಕೆ ಹಿಂದೇಟು ಹಾಕುವವರಿಂದ ಕೊಳ್ಳಬೇಡಿ.

ನಿಮ್ಮ ತೂಕದವರು ನಡೆಯೋದಕ್ಕೆ ಸತತ 1.5ರಿಂದ 2 ಎಚ್‌ಪಿ ಇದ್ದರೆ ನೆಮ್ಮದಿ. ನಿಧಾನದ ಓಟಕ್ಕೆ 2.5, ದಿನಾ ಸರಿಯಾಗಿ ಓಡುವವರಿಗೆ 3. ಇದು ಅಂದಾಜು ಲೆಕ್ಕ, ಆದರೆ ಮೋಸ ಮಾಡದ ಲೆಕ್ಕ.

ಇಲ್ಲಿ ಬಹಳ ಜನ ತಪ್ಪು ತಿಳಿಯುವ ವಿಷಯ ಒಂದಿದೆ. ‘ನಾವು ಬರೀ ನಡೆಯೋದು ತಾನೇ, ಮೋಟಾರ್‌ಗೆ ಏನು ಕಷ್ಟ’ ಅಂದುಕೊಳ್ಳುತ್ತಾರೆ. ತೂಕ ಜಾಸ್ತಿ ಇರುವವರು ಬಹಳ ನಿಧಾನವಾಗಿ ನಡೆದರೆ ಮೋಟಾರ್‌ಗೆ ನಿಜವಾಗಿಯೂ ಕಷ್ಟ. ನೀವು ಕಾಲಿಟ್ಟಾಗಲೆಲ್ಲ ಬೆಲ್ಟ್ ಕೆಳಗಿನ ಹಲಗೆಗೆ ಒತ್ತಿಕೊಳ್ಳುತ್ತದೆ. ಆ ಉಜ್ಜಾಟವನ್ನು ಮೀರಿ ಬೆಲ್ಟನ್ನು ಎಳೆಯಬೇಕಾದದ್ದು ಮೋಟಾರ್. ಎಳೆಯೋಕೆ ಬೇಕಾದ ಬಲ ವೇಗಕ್ಕಿಂತ ನಿಮ್ಮ ತೂಕವನ್ನೇ ಹೆಚ್ಚಾಗಿ ಅವಲಂಬಿಸಿದೆ. ಈ ಮೆಷಿನ್‌ಗಳಲ್ಲಿ ಇರುವ ಡಿ.ಸಿ. ಮೋಟಾರ್ ಎಷ್ಟು ಬಲ ಹಾಕುತ್ತದೋ ಅಷ್ಟು ಕರೆಂಟ್ ಎಳೆಯುತ್ತದೆ, ಕರೆಂಟ್ ಜಾಸ್ತಿಯಾದಂತೆ ಬಿಸಿಯೂ ಏರುತ್ತದೆ. ಆ ಬಿಸಿ ಹೊರಗೆ ಹಾಕುವ ಫ್ಯಾನ್ ಸಾಮಾನ್ಯವಾಗಿ ಮೋಟಾರ್‌ನ ತಿರುಗುವ ಕಂಬಿಗೇ ಜೋಡಿಸಿರುತ್ತದೆ. ಮೋಟಾರ್ ನಿಧಾನವಾಗಿ ತಿರುಗಿದರೆ ಫ್ಯಾನೂ ನಿಧಾನ. ಬಿಸಿ ಅಷ್ಟೇ ಹುಟ್ಟುತ್ತದೆ, ಹೊರಗೆ ಹೋಗುವುದು ಮಾತ್ರ ಕಡಿಮೆ. ಹಾಗಾಗಿ ಗಂಟೆಗೆ 2 ಕಿ.ಮೀ. ವೇಗದಲ್ಲಿ ಒಂದು ಗಂಟೆ ನಡೆಯುವ ಭಾರದ ವ್ಯಕ್ತಿ, 5 ಕಿ.ಮೀ. ವೇಗದಲ್ಲಿ ಅರ್ಧ ಗಂಟೆ ನಡೆಯುವವರಿಗಿಂತ ಮೆಷಿನ್‌ಗೆ ಹೆಚ್ಚು ಹೊರೆ. ನಿಮ್ಮ ಅರ್ಧ ಗಂಟೆಯ ಚುರುಕು ನಡಿಗೆ ಇಂಥ ಮೋಟಾರ್‌ಗೆ ಒಪ್ಪುವ ಕೆಲಸ. ನಿಮ್ಮದು ಮುಗಿದ ಕೂಡಲೇ ಅಮ್ಮನನ್ನು ಹತ್ತಿಸಬೇಡಿ, ಕಾಲು ಗಂಟೆಯಾದರೂ ಬಿಡುವು ಕೊಡಿ.

ಬೆಲ್ಟ್ ಯಾಕೆ ಗಿಡ್ಡ ಅಂದೆ

172 ಸೆಂ.ಮೀ. ಎತ್ತರದವರು ಗಂಟೆಗೆ 5 ಕಿ.ಮೀ. ವೇಗದಲ್ಲಿ ನಡೆದರೆ ಒಂದು ಹೆಜ್ಜೆ ಸುಮಾರು 70 ಸೆಂ.ಮೀ. ಬರುತ್ತದೆ. ಮುಂದಿನ ಪಾದದ ಹಿಮ್ಮಡಿಯಿಂದ ಹಿಂದಿನ ಪಾದದ ಹಿಮ್ಮಡಿವರೆಗೆ 70, ಅದಕ್ಕೆ ಪಾದದ ಉದ್ದ 27 ಸೆಂ.ಮೀ. ಸೇರಿಸಿ. ಹತ್ತಿರ ಹತ್ತಿರ 1 ಮೀಟರ್ ಆಯಿತು. 110 ಸೆಂ.ಮೀ. ಬೆಲ್ಟ್‌ನಲ್ಲಿ ಮಿಗುವುದು ಹತ್ತು ಹನ್ನೆರಡು ಸೆಂ.ಮೀ. ಅಷ್ಟೇ. ಟಿ.ವಿ. ನೋಡುತ್ತಾ ಒಂದು ಹೆಜ್ಜೆ ಹಿಂದೆ ಸರಿದರೆ ಕಾಲು ಹಿಂದಿನ ರೋಲರ್ ಮೇಲೆ. ಆ ಭಯಕ್ಕೆ ಜನ ತಮಗೆ ಗೊತ್ತಿಲ್ಲದೆಯೇ ಹೆಜ್ಜೆ ಚಿಕ್ಕದು ಮಾಡುತ್ತಾರೆ, ಕಂಬಿ ಹಿಡಿದುಕೊಂಡು ಮುಂದಕ್ಕೆ ಬಾಗಿ ನಡೆಯುತ್ತಾರೆ. ಸೊಂಟ ನೋವು ಬಂತು ಅಂತ ಮೆಷಿನ್ ಮೂಲೆಗೆ ಹೋಗುವುದು ಸುಮಾರು ಮನೆಗಳಲ್ಲಿ ಹೀಗೇ.

ನಿಮಗೆ 120 ಸೆಂ.ಮೀ. ಉದ್ದ ಬೇಕು. 125 ಸಿಕ್ಕರೆ ಇನ್ನೂ ಒಳ್ಳೆಯದು. ಅಗಲ 40 ಸೆಂ.ಮೀ. ನಿಮಗೆ ನಡೆಯುತ್ತದೆ. ಆದರೆ ವಯಸ್ಸಾದವರು ನಡೆಯುವಾಗ ದೇಹ ಅಕ್ಕಪಕ್ಕ ಸ್ವಲ್ಪ ಜಾಸ್ತಿ ವಾಲುತ್ತದೆ, ಒಂದು ಕಾಲು ಚಲಿಸದ ಪಕ್ಕದ ಪಟ್ಟಿಯ ಮೇಲೆ ಬಿದ್ದರೆ ಇನ್ನೊಂದು ಕಾಲು ಬೆಲ್ಟ್ ಜೊತೆ ಹಿಂದೆ ಹೋಗುತ್ತದೆ. ಅಮ್ಮನ ಸಲುವಾಗಿ 42ರಿಂದ 45 ಹುಡುಕಿ. ಟೇಪ್ ಹಿಡಿದು ಅಳೆಯುವಾಗ ಓಡುವ ಬೆಲ್ಟನ್ನಷ್ಟೇ ಅಳೆಯಿರಿ. ಪಕ್ಕದ ಪ್ಲಾಸ್ಟಿಕ್ ಪಟ್ಟಿಗಳನ್ನೂ ಮುಂದಿನ ಮೋಟಾರ್ ಮುಚ್ಚಳವನ್ನೂ ಸೇರಿಸಿ ಉದ್ದ ಅಗಲ ಬರೆಯುವವರಿದ್ದಾರೆ.

ಬೆಲ್ಟ್ ಕೆಳಗಿನ ಹಲಗೆಯನ್ನೂ ಕೇಳಿ. ಒತ್ತಿದ ಮರದ ಪುಡಿಯ ಹಲಗೆ ಅದು. 12 ಮಿ.ಮೀ. ಇದ್ದರೆ ತೆಳು, 15 ಪರವಾಗಿಲ್ಲ, 18 ಅಥವಾ ಅದಕ್ಕಿಂತ ಹೆಚ್ಚಿದ್ದರೆ ಒಳ್ಳೆಯದು. ರೋಲರ್ ದಪ್ಪವಿದ್ದಷ್ಟೂ ಬೆಲ್ಟ್ ಕಡಿಮೆ ಬಾಗುತ್ತದೆ, ಬಾಳಿಕೆಯೂ ಜಾಸ್ತಿ. ಈ ಬೆಲೆಯಲ್ಲಿ 40 ಮಿ.ಮೀ. ಆಸುಪಾಸಿನ ರೋಲರ್ ಸಿಗುತ್ತದೆ, 60 ಮಿ.ಮೀ. ನಿರೀಕ್ಷಿಸಬೇಡಿ.

ಓಟ ಯಾಕೆ ಬೇಡ

ನಡೆಯುವಾಗ ಯಾವಾಗಲೂ ಒಂದು ಕಾಲು ನೆಲದ ಮೇಲಿರುತ್ತದೆ. ಪ್ರತಿ ಹೆಜ್ಜೆಗೆ ಬೀಳುವ ಬಲ ನಿಮ್ಮ ತೂಕಕ್ಕಿಂತ ಸ್ವಲ್ಪ ಜಾಸ್ತಿ, ಅಷ್ಟೇ. ಓಡುವಾಗ ಎರಡೂ ಕಾಲು ಗಾಳಿಯಲ್ಲಿರುವ ಕ್ಷಣ ಬರುತ್ತದೆ, ಆಮೇಲೆ ಇಡೀ ದೇಹ ಒಂದೇ ಕಾಲಿನ ಮೇಲೆ ಬಂದು ಇಳಿಯುತ್ತದೆ. ಆ ಬಲ ದೇಹದ ತೂಕದ ಎರಡರಿಂದ ಮೂರು ಪಟ್ಟು. ನಿಮ್ಮ 82 ಕೆ.ಜಿ.ಗೆ ಅದು 160ರಿಂದ 250 ಕೆ.ಜಿ. ಭಾರ ಹೇರಿದಂತೆ, ನಿಮಿಷಕ್ಕೆ ನೂರೈವತ್ತಕ್ಕೂ ಹೆಚ್ಚು ಸಲ. ತಾನೇ 30 ಕೆ.ಜಿ. ತೂಗುವ ಮೆಷಿನ್, ನಡುವೆ ಮಡಚುವ ಕೀಲು ಬೇರೆ ಇರುವಂಥದ್ದು, ಇದನ್ನು ಕೆಲವು ತಿಂಗಳು ತಡೆದೀತು. ಆಮೇಲೆ ಕೀಲು ಸಡಿಲವಾಗುತ್ತದೆ, ಕಂಬಗಳು ಅಲ್ಲಾಡುತ್ತವೆ, ಬೋಲ್ಟ್‌ಗಳು ತಾವಾಗೇ ಬಿಚ್ಚಿಕೊಳ್ಳುತ್ತವೆ.

ಗಂಟೆಗೆ 14 ಕಿ.ಮೀ. ಅನ್ನುವುದು ಯಾರೂ ನಿಲ್ಲದ ಖಾಲಿ ಬೆಲ್ಟ್ ತಿರುಗಬಲ್ಲ ವೇಗ. 110 ಸೆಂ.ಮೀ. ಬೆಲ್ಟ್ ಮೇಲೆ ಆ ವೇಗದಲ್ಲಿ ಓಡುವುದು ಅಪಾಯ. ತೂಕದ ಮಿತಿಯನ್ನೂ ಹಾಗೇ ಓದಬೇಕು. ಬರೆದ ಮಿತಿಯಿಂದ 20 ಕೆ.ಜಿ. ಕಳೆಯಿರಿ, ಉಳಿದದ್ದೇ ನಿಜವಾದ ಮಿತಿ ಅಂದುಕೊಳ್ಳಿ. ನಿಮಗೆ ಅಲ್ಲಿ ತೊಂದರೆಯಿಲ್ಲ, 90ರ ಒಳಗೆ ಇದ್ದೀರಿ. ಎರಡು ಮೆಷಿನ್ ನಡುವೆ ತೂಗಿ ನೋಡುವಾಗ, ಮಿಕ್ಕಿದ್ದೆಲ್ಲ ಒಂದೇ ಇದ್ದರೆ ಹೆಚ್ಚು ತೂಕದ ಮೆಷಿನ್ನನ್ನೇ ಆರಿಸಿ. ಕಬ್ಬಿಣ ಎಷ್ಟು ಹಾಕಿದ್ದಾರೆ ಅನ್ನುವುದನ್ನು ತೂಕ ಹೇಳುತ್ತದೆ. ಪ್ರೋಗ್ರಾಂ, ಸ್ಪೀಕರ್, ಬಣ್ಣದ ಪರದೆ ಇವೆಲ್ಲ ಕಡಿಮೆ ಖರ್ಚಿನಲ್ಲಿ ಸೇರಿಸಬಹುದಾದವು. ಬೆಲ್ಟ್ ಉದ್ದ, ಹಲಗೆಯ ದಪ್ಪ, ಮೋಟಾರ್ ಇವಕ್ಕೇ ಹಣ ಬೇಕು.

ಓಡುವ ಆಸೆ ಗಟ್ಟಿಯಾಗಿದ್ದರೆ ಹೊರಗೆ ಓಡಿ, ಮನೆಯೊಳಗೆ ನಡೆಯಿರಿ. ಮನೆಯೊಳಗೇ ಓಡಬೇಕು ಅಂತಿದ್ದರೆ ಹೊಸ ಅಗ್ಗದ ಮೆಷಿನ್‌ಗಿಂತ, ಒಳ್ಳೆಯ ದರ್ಜೆಯ, ಚೆನ್ನಾಗಿ ಇಟ್ಟುಕೊಂಡ ಹಳೆಯ ಮೆಷಿನ್ ನೋಡಿ. ಅದನ್ನು ನೋಡಲು ಹೋದಾಗ ಬೆಲ್ಟ್ ಅಂಚನ್ನು ಎತ್ತಿ ಕೆಳಮೈ ಸವರಿ. ಬಟ್ಟೆಯಂತೆ ಮೆತ್ತಗಿದ್ದರೆ ಸರಿ, ಗಾಜಿನಂತೆ ನುಣುಪಾಗಿ ಹೊಳೆಯುತ್ತಿದ್ದರೆ ಸವೆದಿದೆ. ಹಲಗೆಯ ನಡುವೆ ಗುಳಿ ಬಿದ್ದಿದೆಯಾ ನೋಡಿ. ಹತ್ತು ನಿಮಿಷ ನಡೆದು, ಸುಟ್ಟ ವಾಸನೆ ಬರುತ್ತದಾ ಗಮನಿಸಿ.

ಏರು ಇದ್ದರೆ ಓಟದ ಆಸೆ ಅರ್ಧ ತೀರುತ್ತದೆ

ನಿಮಗೆ ಬೇಕಾದದ್ದು ಓಟವಾ, ಓಟದಿಂದ ಬರುವ ದಣಿವಾ? ಎರಡನೆಯದಾದರೆ ಒಳ್ಳೆಯ ದಾರಿಯಿದೆ. ಬೆಲ್ಟ್‌ನ ಮುಂಭಾಗ ಏರಿಸಿ ನಡೆಯುವುದು.

ವ್ಯಾಯಾಮದಲ್ಲಿ ಖರ್ಚಾಗುವ ಶಕ್ತಿ ಅಂದಾಜು ಮಾಡಲು ಎಲ್ಲರೂ ಒಪ್ಪಿ ಬಳಸುವ ಒಂದು ಸೂತ್ರವಿದೆ. ಅದರ ಪ್ರಕಾರ ನಿಮ್ಮ ತೂಕದವರು ಸಮತಟ್ಟಿನಲ್ಲಿ ಗಂಟೆಗೆ 5 ಕಿ.ಮೀ. ವೇಗದಲ್ಲಿ ಅರ್ಧ ಗಂಟೆ ನಡೆದರೆ ಸುಮಾರು 145 ಕಿಲೋ ಕ್ಯಾಲರಿ ಖರ್ಚು. ಅದೇ ವೇಗ, ಅದೇ ಅರ್ಧ ಗಂಟೆ, ಆದರೆ ಶೇ. 5ರ ಏರು ಇದ್ದರೆ ಸುಮಾರು 240. ಶೇ. 60ಕ್ಕೂ ಜಾಸ್ತಿ ಆಯಿತು. ಮಂಡಿಗೆ ಓಟದ ಪೆಟ್ಟಿಲ್ಲ, ಮೆಷಿನ್‌ಗೂ ಇಲ್ಲ. ಶೇ. 12ರ ಏರಿನಲ್ಲಿ 5 ಕಿ.ಮೀ. ವೇಗದ ನಡಿಗೆ, ಸಮತಟ್ಟಿನಲ್ಲಿ 8 ಕಿ.ಮೀ. ವೇಗದ ಓಟಕ್ಕೆ ಹೆಚ್ಚು ಕಡಿಮೆ ಸಮ. ಆಸ್ಪತ್ರೆಗಳಲ್ಲಿ ಹೃದಯ ಪರೀಕ್ಷೆಗೆ ಇಂದಿಗೂ ಬಳಸುವ ಬ್ರೂಸ್ ವಿಧಾನ ಶುರುವಾಗುವುದು ಗಂಟೆಗೆ ಬರೀ 2.7 ಕಿ.ಮೀ. ವೇಗದಲ್ಲಿ. ಆದರೆ ಏರು ಶೇ. 10. ಅಷ್ಟು ನಿಧಾನದಲ್ಲೇ ಹೃದಯಕ್ಕೆ ಕೆಲಸ ಕೊಡುವುದು ಆ ಏರು.

ಕಡಿಮೆ ಬೆಲೆಯ ಮೆಷಿನ್‌ಗಳಲ್ಲಿ ಬಟನ್ ಒತ್ತಿದರೆ ಏರುವ ವ್ಯವಸ್ಥೆ ಅಪರೂಪ. ಕೈಯಿಂದ ಕಾಲು ಅಥವಾ ಪಿನ್ ಬದಲಿಸಿ ಎರಡು ಮೂರು ಹಂತ ಏರಿಸುವ ಸೌಲಭ್ಯ ಇರುತ್ತದೆ. ಅಷ್ಟಿದ್ದರೂ ಸಾಕು, ಅದಿಲ್ಲದ ಮೆಷಿನ್ ಬೇಡ ಅನ್ನುತ್ತೇನೆ. ಹಂತ 3 ಅಂದರೆ ಶೇ. 3 ಅಂತೇನಿಲ್ಲ, ನೀವೇ ಅಳೆಯಿರಿ. ಹಲಗೆಯ ಹಿಂದಿನ ತುದಿ ಮತ್ತು ಮುಂದಿನ ತುದಿ ನೆಲದಿಂದ ಎಷ್ಟೆಷ್ಟು ಎತ್ತರ ನೋಡಿ. 120 ಸೆಂ.ಮೀ. ಉದ್ದಕ್ಕೆ ವ್ಯತ್ಯಾಸ 6 ಸೆಂ.ಮೀ. ಇದ್ದರೆ ಅದು ಶೇ. 5. ಏರು ಇಲ್ಲ ಅಂತ ಮುಂದಿನ ಕಾಲುಗಳ ಕೆಳಗೆ ಇಟ್ಟಿಗೆ, ಮರದ ತುಂಡು ಇಡಬೇಡಿ. ಚೌಕಟ್ಟು ತಿರುಚಿಕೊಳ್ಳುತ್ತದೆ, ಜಾರಿದರೆ ಮೇಲಿರುವವರ ಗತಿ ಕೆಟ್ಟದ್ದು.

ಏರಿನಲ್ಲಿ ನಡೆಯುವಾಗ ಕಂಬಿ ಹಿಡಿದು ಜೋತುಬಿದ್ದರೆ ಈ ಲೆಕ್ಕವೆಲ್ಲ ಸುಳ್ಳಾಗುತ್ತದೆ. ದೇಹದ ಭಾರದ ಒಂದು ಪಾಲು ಕೈಗೆ ಹೋಗಿಬಿಡುತ್ತದೆ. ಇನ್ನು ಪರದೆಯ ಮೇಲಿನ ಕ್ಯಾಲರಿ ಅಂಕಿಯನ್ನು ನೋಡಲೇಬೇಡಿ. ನಿಮ್ಮ ತೂಕ ಎಷ್ಟು ಅಂತ ಕೇಳದ ಮೆಷಿನ್ ಹೇಳುವ ಕ್ಯಾಲರಿ ನಿಮ್ಮದಲ್ಲ. ‘ಟ್ರೆಡ್‌ಮಿಲ್ ಮೇಲೆ ಯಾವಾಗಲೂ ಶೇ. 1 ಏರು ಇಟ್ಟುಕೊಳ್ಳಬೇಕು’ ಅನ್ನುವ ಸಲಹೆಯನ್ನೂ ನೀವು ಕೇಳಿರಬಹುದು. 1996ರ ಒಂದು ಅಧ್ಯಯನದಿಂದ ಬಂದದ್ದು ಅದು. ಗಂಟೆಗೆ 10 ಕಿ.ಮೀ.ಗಿಂತ ವೇಗವಾಗಿ ಓಡುವವರಿಗೆ, ಹೊರಗಿನ ಗಾಳಿಯ ತಡೆಗೆ ಸರಿದೂಗಿಸಲು. ನಡೆಯುವವರಿಗೆ ಅದು ಲೆಕ್ಕಕ್ಕಿಲ್ಲ.

ಮಡಚುವುದು, ಜಾಗ, ಸದ್ದು

ಮಡಚಿದಾಗ ಎಷ್ಟು ಜಾಗ ಅಂತಲೇ ಎಲ್ಲರೂ ಕೇಳುತ್ತಾರೆ. ನಾನು ಕಂಡಂತೆ ಮೊದಲ ಕೆಲವು ವಾರ ಆದ ಮೇಲೆ ಬಹಳ ಮನೆಗಳಲ್ಲಿ ಮೆಷಿನ್ ಬಿಡಿಸಿಕೊಂಡೇ ಇರುತ್ತದೆ. ಹಾಗಾಗಿ ಬಿಡಿಸಿದಾಗಿನ ಜಾಗ ಅಳೆಯಿರಿ. ಮೆಷಿನ್‌ನ ಹಿಂದೆ 2 ಮೀಟರ್, ಎರಡೂ ಪಕ್ಕ ಅರ್ಧ ಅರ್ಧ ಮೀಟರ್ ಖಾಲಿ ಬೇಕು. ಹಿಂದಿನ 2 ಮೀಟರ್ ಬಗ್ಗೆ ರಾಜಿ ಬೇಡವೇ ಬೇಡ. ಹಿಂಭಾಗವನ್ನು ಗೋಡೆಗೆ ತಾಗಿಸಿ ಇಟ್ಟರೆ, ಬಿದ್ದವರು ಗೋಡೆಗೂ ಓಡುತ್ತಿರುವ ಬೆಲ್ಟ್‌ಗೂ ನಡುವೆ ಸಿಕ್ಕಿಹಾಕಿಕೊಳ್ಳುತ್ತಾರೆ. ತಲೆಯ ಮೇಲೂ ನೋಡಿ. ಹಲಗೆ ನೆಲದಿಂದ 12ರಿಂದ 18 ಸೆಂ.ಮೀ. ಎತ್ತರದಲ್ಲಿರುತ್ತದೆ. ನಿಮ್ಮ ಎತ್ತರಕ್ಕೆ ಅದನ್ನು ಸೇರಿಸಿ, ಇನ್ನೊಂದು 20 ಸೆಂ.ಮೀ. ಬಿಟ್ಟುಕೊಳ್ಳಿ. ಫ್ಯಾನ್ ಕೆಳಗೆ ಇಡಬೇಡಿ.

ಮಡಚುವ ಬಗೆಯಲ್ಲಿ ಎರಡಿವೆ. ಒಂದರಲ್ಲಿ ಹಲಗೆ ಮೇಲೆದ್ದು ನಿಲ್ಲುತ್ತದೆ. ಇನ್ನೊಂದರಲ್ಲಿ ಕಂಬಗಳು ಕೆಳಗೆ ಮಲಗಿ ಮಂಚದ ಕೆಳಗೆ ತಳ್ಳುವಷ್ಟು ಚಪ್ಪಟೆಯಾಗುತ್ತದೆ. ಮೊದಲನೆಯದನ್ನು ಕೊಂಡರೆ ಹಲಗೆ ಇಳಿಸುವಾಗ ನಿಧಾನವಾಗಿ ಇಳಿಯುವಂತೆ ತಡೆಯುವ ಹೈಡ್ರಾಲಿಕ್ ಕಡ್ಡಿ ಇರಲೇಬೇಕು. ಇಲ್ಲವಾದರೆ ಕೈ ಜಾರಿದರೆ ದಬಕ್ಕನೆ ಬೀಳುತ್ತದೆ, ಮಗು ಇರುವ ಮನೆಯಲ್ಲಿ ಅದು ಸಲ್ಲದು. ಚಪ್ಪಟೆಯದರಲ್ಲಿ ಕಂಬದ ಗಟ್ಟಿತನ ನೋಡಿ. ಬಿಡಿಸಿ, ಲಾಕ್ ಹಾಕಿ, ಕಂಬಿ ಹಿಡಿದು ಅಕ್ಕಪಕ್ಕ ಅಲ್ಲಾಡಿಸಿ. ಹೊಸದರಲ್ಲೇ ಟಕಟಕ ಅಂದರೆ ಅದನ್ನು ಬಿಡಿ.

ಎರಡನೇ ಮಹಡಿಯಲ್ಲಿ ಮೋಟಾರ್ ಸದ್ದಿಗಿಂತ ಹೆಜ್ಜೆಯ ದಡ್ ದಡ್ ಸದ್ದೇ ಕೆಳಗಿನವರಿಗೆ ಕಾಟ. ದಪ್ಪ ರಬ್ಬರ್ ಹಾಸು ಹಾಕಿದರೆ ಅದುರು ಸ್ವಲ್ಪ ಇಳಿಯುತ್ತದೆ, ಪೂರ್ತಿ ಹೋಗದು. ಕೋಣೆಯ ನಡುವೆ ಇಡುವ ಬದಲು, ಪಕ್ಕದ ಅರ್ಧ ಮೀಟರ್ ಬಿಟ್ಟುಕೊಂಡು ಗೋಡೆಯ ಉದ್ದಕ್ಕೆ ಇಡಿ, ಅಲ್ಲಿ ನೆಲ ಕಡಿಮೆ ಅದುರುತ್ತದೆ. ಇಟ್ಟ ಜಾಗ ಸಮತಟ್ಟಾಗಿರಲಿ. ನೆಲ ಓರೆಯಿದ್ದರೆ ಬೆಲ್ಟ್ ಒಂದು ಪಕ್ಕಕ್ಕೆ ಸರಿಯುತ್ತಲೇ ಇರುತ್ತದೆ.

ಕರೆಂಟ್ ವಿಷಯ ಚಿಕ್ಕದು. ಸರಿಯಾದ ಅರ್ಥಿಂಗ್ ಇರುವ ಗೋಡೆಯ ಪ್ಲಗ್‌ಗೇ ಹಾಕಿ, ಎಕ್ಸ್‌ಟೆನ್ಶನ್ ಬೋರ್ಡ್ ಬೇಡ. ಅದೇ ಸಾಲಿನಲ್ಲಿ ದೊಡ್ಡ ಹೀಟರ್‌ನಂಥದ್ದು ಓಡದಿರಲಿ.

ಅಮ್ಮ ಮತ್ತು ಮಗ

ಅಮ್ಮನಿಗೆ ಮುಖ್ಯವಾದದ್ದು ಮೂರು. ಅತಿ ಕಡಿಮೆ ವೇಗ ಗಂಟೆಗೆ 1 ಕಿ.ಮೀ. ಅಥವಾ ಅದಕ್ಕಿಂತ ಕಡಿಮೆ ಇರಬೇಕು. ವೇಗ ಒಮ್ಮೆಲೇ ಏರದೆ ಮೆಲ್ಲಗೆ ಏರಬೇಕು. ಹಿಡಿದುಕೊಳ್ಳುವ ಕಂಬಿ ಮುಂದೆ ಮಾತ್ರವಲ್ಲ, ಪಕ್ಕಗಳಲ್ಲೂ ಉದ್ದಕ್ಕೆ ಬರಬೇಕು. ಕಂಬಿಯೇ ಇಲ್ಲದ ಚಪ್ಪಟೆ ನಡಿಗೆ ಮೆಷಿನ್‌ಗಳು ಅವರಿಗೆ ಬೇಡ. ಕಂಬಿ ಹಿಡಿದರೆ ಖರ್ಚಾಗುವ ಶಕ್ತಿ ಕಡಿಮೆ ಅಂದೆನಲ್ಲ, ಅದು ನಿಮಗೆ. ಅವರು ಹಿಡಿದೇ ನಡೆಯಲಿ.

ಹತ್ತುವಾಗ ಮೊದಲು ಎರಡೂ ಕಾಲು ಪಕ್ಕದ ಪಟ್ಟಿಗಳ ಮೇಲೆ. ಸೇಫ್ಟಿ ಕೀ, ಅಂದರೆ ಕಿತ್ತುಬಂದ ಕೂಡಲೇ ಬೆಲ್ಟ್ ನಿಲ್ಲಿಸುವ ಕೀ, ಅದರ ದಾರದ ಕ್ಲಿಪ್ ಬಟ್ಟೆಗೆ. ಬೆಲ್ಟ್ ತಿರುಗಲು ಶುರುವಾದ ಮೇಲೆ ಒಂದೊಂದೇ ಕಾಲು ಇಡುವುದು. ಇಳಿಯುವುದು ಬೆಲ್ಟ್ ಪೂರ್ತಿ ನಿಂತ ಮೇಲೆಯೇ. ಇಳಿದ ಕೂಡಲೇ ಒಂದು ಕ್ಷಣ ನೆಲವೇ ಚಲಿಸಿದಂತೆ ಅನ್ನಿಸುತ್ತದೆ, ಮೊದಲ ವಾರ ನೀವು ಪಕ್ಕದಲ್ಲಿ ನಿಂತಿರಿ.

ಹಿಡಿಯಲ್ಲಿರುವ ನಾಡಿ ಬಡಿತದ ಪಟ್ಟಿಗಳನ್ನು ನಂಬಿ ಅವರ ವ್ಯಾಯಾಮ ಅಳೆಯಬೇಡಿ. ನಡೆಯುತ್ತಾ ಹಿಡಿದಾಗ ಅವು ಸರಿಯಾಗಿ ಓದುವುದಿಲ್ಲ. ಅದಲ್ಲದೆ ಕೆಲವು ಬಿ.ಪಿ. ಮಾತ್ರೆಗಳು ಹೃದಯ ಬಡಿತವನ್ನೇ ತಗ್ಗಿಸಿ ಹಿಡಿಯುತ್ತವೆ. ಆಗ ಅಂಕಿ ಸರಿಯಿದ್ದರೂ ಎಷ್ಟು ದಣಿದಿದ್ದಾರೆ ಅಂತ ಅದರಿಂದ ತಿಳಿಯದು. ಮಾತಾಡಿಸಿ ನೋಡುವುದೇ ಒಳ್ಳೆಯ ಅಳತೆ. ಪೂರ್ತಿ ವಾಕ್ಯ ಹೇಳಬಲ್ಲರು, ಆದರೆ ಹಾಡಲಾರರು ಅನ್ನುವಷ್ಟಿದ್ದರೆ ಸರಿಯಾದ ವೇಗ. ಶುರುಮಾಡುವ ಮೊದಲು ಅವರ ಡಾಕ್ಟರನ್ನು ಒಮ್ಮೆ ಕೇಳಿ. ಎದೆ ಹಿಡಿದಂತಾದರೆ, ತಲೆ ಸುತ್ತಿದರೆ ಅಲ್ಲಿಗೇ ನಿಲ್ಲಿಸಬೇಕು. ವಿಶ್ವ ಆರೋಗ್ಯ ಸಂಸ್ಥೆ ದೊಡ್ಡವರಿಗೆ ಹೇಳುವುದು ವಾರಕ್ಕೆ 150ರಿಂದ 300 ನಿಮಿಷದ ಮಧ್ಯಮ ವ್ಯಾಯಾಮ. ಅದನ್ನು ಹತ್ತು ಹತ್ತು ನಿಮಿಷವಾಗಿ ಒಡೆದುಕೊಂಡರೂ ಅಡ್ಡಿಯಿಲ್ಲ.

ಮಗನ ವಿಷಯದಲ್ಲಿ ಮಾತ್ರ ನಾನು ಬಹಳ ಕಟ್ಟುನಿಟ್ಟು. 2021ರ ಮೇ ತಿಂಗಳಲ್ಲಿ ಪೆಲೊಟಾನ್ ಕಂಪನಿ ತನ್ನ ಟ್ರೆಡ್ ಪ್ಲಸ್ ಅನ್ನುವ ಟ್ರೆಡ್‌ಮಿಲ್‌ಗಳನ್ನು ಅಮೆರಿಕದಲ್ಲಿ ವಾಪಸ್ ಕರೆಯಿತು, ಸುಮಾರು 1,25,000 ಮೆಷಿನ್. ಮಕ್ಕಳು, ಸಾಕುಪ್ರಾಣಿಗಳು, ವಸ್ತುಗಳು ಹಿಂಭಾಗದಿಂದ ಮೆಷಿನ್ ಕೆಳಗೆ ಎಳೆಯಲ್ಪಟ್ಟ ದೂರುಗಳು ಬಂದಿದ್ದವು. ಒಂದು ಮಗು ತೀರಿಕೊಂಡಿತ್ತು. ಅದು ಅಗ್ಗದ ಮೆಷಿನ್ ಅಲ್ಲ, ಬಹಳ ದುಬಾರಿಯದು. ಅಂದರೆ ಹಣ ಜಾಸ್ತಿ ಕೊಟ್ಟರೆ ಈ ಅಪಾಯ ತಾನಾಗೇ ಹೋಗುವುದಿಲ್ಲ. ಓಡುವ ಬೆಲ್ಟ್ ಮುಟ್ಟಿದರೆ ಮಗುವಿನ ಅಂಗೈ ಚರ್ಮ ಕಿತ್ತುಬರುತ್ತದೆ. ನೀವು ಮುಂದೆ ನೋಡುತ್ತಾ ನಡೆಯುವಾಗ ಹಿಂದೆ ಏನಾಗುತ್ತಿದೆ ಅಂತ ಕಾಣುವುದಿಲ್ಲ. ಮೆಷಿನ್ ಓಡುವಾಗ ಕೋಣೆಯ ಬಾಗಿಲು ಹಾಕಿರಲಿ, ಮಗು ಹೊರಗಿರಲಿ. ಮುಗಿದ ಮೇಲೆ ಪ್ಲಗ್ ಕಿತ್ತು, ಸೇಫ್ಟಿ ಕೀಯನ್ನು ಅವನ ಕೈಗೆ ಎಟುಕದ ಕಡೆ ಇಡಿ. ಬಾಗಿಲಿರುವ ಕೋಣೆಯಲ್ಲಿ ಜಾಗವಿಲ್ಲ, ಹಾಲ್‌ನಲ್ಲೇ ಇಡಬೇಕು ಅಂತಾದರೆ ಮಗ ದೊಡ್ಡವನಾಗುವವರೆಗೆ ಕೊಳ್ಳಬೇಡಿ ಅಂತಲೇ ನನ್ನ ಸಲಹೆ.

ಎಣ್ಣೆ ಮತ್ತು ವಾರಂಟಿ

ಮನೆಯ ಟ್ರೆಡ್‌ಮಿಲ್ ಬೇಗ ಸಾಯುವುದಕ್ಕೆ ನಾನು ಕಂಡ ದೊಡ್ಡ ಕಾರಣ ಎಣ್ಣೆ ಹಾಕದಿರುವುದು. ಬೆಲ್ಟ್ ಒಣಗಿದರೆ ಉಜ್ಜಾಟ ಹೆಚ್ಚುತ್ತದೆ. ಉಜ್ಜಾಟ ಎರಡು ಪಟ್ಟಾದರೆ ಮೋಟಾರ್ ಎಳೆಯುವ ಕರೆಂಟ್ ಕೂಡ ಹತ್ತಿರ ಹತ್ತಿರ ಎರಡು ಪಟ್ಟು. ಸುರುಳಿಯಲ್ಲಿ ಹುಟ್ಟುವ ಬಿಸಿ ಕರೆಂಟಿನ ವರ್ಗದಂತೆ ಏರುವುದರಿಂದ ಅದು ನಾಲ್ಕು ಪಟ್ಟು. ಮೊದಲು ಹೋಗುವುದು ಮೋಟಾರ್ ಅಲ್ಲ, ಅದಕ್ಕೆ ಕರೆಂಟ್ ಹಂಚುವ ಕಂಟ್ರೋಲ್ ಬೋರ್ಡ್. ರಿಪೇರಿಗೆ ಬಂದವರು ‘ಬೋರ್ಡ್ ಸುಟ್ಟಿದೆ’ ಅಂದರೆ ಹೊಸ ಬೋರ್ಡ್ ಹಾಕಿಸುವ ಮೊದಲು ಬೆಲ್ಟ್ ಕೆಳಗೆ ಕೈ ಹಾಕಿ ನೋಡಿ. ಒಣಗಿದ್ದರೆ ಹೊಸ ಬೋರ್ಡೂ ಅದೇ ದಾರಿ ಹಿಡಿಯುತ್ತದೆ.

ಹಾಕಬೇಕಾದದ್ದು ಶುದ್ಧ ಸಿಲಿಕೋನ್ ಎಣ್ಣೆ. ಅಡುಗೆ ಎಣ್ಣೆ, ಹೊಲಿಗೆ ಮೆಷಿನ್ ಎಣ್ಣೆ, ತುಕ್ಕು ಬಿಡಿಸುವ ಸ್ಪ್ರೇ ಯಾವುದೂ ಬೇಡ, ಬೆಲ್ಟನ್ನೂ ಹಲಗೆಯನ್ನೂ ಹಾಳುಮಾಡುತ್ತವೆ. ಪ್ಲಗ್ ಕಿತ್ತು, ಬೆಲ್ಟ್ ಅಂಚು ಎತ್ತಿ, ಹಲಗೆಯ ನಡುಭಾಗದಲ್ಲಿ ಅಂಕುಡೊಂಕಾಗಿ ಸ್ವಲ್ಪ ಸುರಿಯಿರಿ. ಆಮೇಲೆ ಪ್ಲಗ್ ಹಾಕಿ ಯಾರೂ ಹತ್ತದೆ ನಿಧಾನಕ್ಕೆ ಕೆಲವು ನಿಮಿಷ ಓಡಿಸಿ. ಇಬ್ಬರು ದಿನಾ ಬಳಸಿದರೆ ಎರಡು ಮೂರು ತಿಂಗಳಿಗೊಮ್ಮೆ ಸಾಕು, ಆದರೆ ಕೈಪಿಡಿ ಏನು ಹೇಳುತ್ತದೋ ಅದೇ ಮೊದಲು. ತಿಂಗಳಿಗೊಮ್ಮೆ ಬೆರಳು ತೂರಿಸಿ ಜಿಡ್ಡು ಇದೆಯಾ ನೋಡಿದರೆ ಯಾವ ಲೆಕ್ಕವೂ ಬೇಡ. ಸಿಲಿಕೋನ್ ನೆಲಕ್ಕೆ ಚೆಲ್ಲಿದರೆ ವಿಪರೀತ ಜಾರುತ್ತದೆ, ಕೂಡಲೇ ಒರೆಸಿ.

ಬೆಲ್ಟ್ ಎಡಕ್ಕೆ ಸರಿದರೆ ಹಿಂದಿನ ಎಡ ಬೋಲ್ಟನ್ನು ಅಲೆನ್ ಕೀಯಿಂದ ಗಡಿಯಾರದ ದಿಕ್ಕಿಗೆ ಕಾಲು ಸುತ್ತು, ಬಲಕ್ಕೆ ಸರಿದರೆ ಬಲ ಬೋಲ್ಟನ್ನು. ಕಾಲು ಸುತ್ತು ಮಾತ್ರ. ಒಂದೆರಡು ನಿಮಿಷ ಓಡಿಸಿ ನೋಡಿ, ಆಮೇಲೆ ಬೇಕಾದರೆ ಇನ್ನೊಂದು ಕಾಲು. ತುಂಬ ಬಿಗಿ ಮಾಡಿದರೆ ಬೇರಿಂಗ್ ಹೋಗುತ್ತದೆ.

ವಾರಂಟಿ ಓದುವಾಗ ‘ಮೋಟಾರ್‌ಗೆ ಇಷ್ಟು ವರ್ಷ’ ಅನ್ನುವ ದೊಡ್ಡ ಅಕ್ಷರ ಬಿಟ್ಟು ಕೆಳಗಿನದ್ದನ್ನು ಓದಿ. ಕಂಟ್ರೋಲ್ ಬೋರ್ಡ್‌ಗೆ ಎಷ್ಟು? ಬೆಲ್ಟ್, ಹಲಗೆ ಸೇರಿದೆಯಾ? ರಿಪೇರಿ ಕೂಲಿ ಯಾರದ್ದು? ಮೆಷಿನ್ನನ್ನು ಎರಡು ಮಹಡಿ ಇಳಿಸಿ ನೀವೇ ಸಾಗಿಸಬೇಕು ಅಂತಿದ್ದರೆ ಅದು ವಾರಂಟಿ ಇದ್ದೂ ಇಲ್ಲದಂತೆ. ಬಳಸಿದವರ ಅಭಿಪ್ರಾಯ ನೋಡುವಾಗಲೂ ಮೊದಲ ವಾರದ ಹೊಗಳಿಕೆ ಬಿಡಿ, ಆರು ತಿಂಗಳು ಕಳೆದವರು ಬರೆದದ್ದನ್ನು ಹುಡುಕಿ.

ಕೊನೆಗೆ, ಮನೆಗೆ ಬಂದ ಮೇಲೆ ವಾಪಸ್ ಕೊಡುವ ಗಡುವು ಮುಗಿಯುವ ಮೊದಲು ಒಂದು ಪರೀಕ್ಷೆ ಮಾಡಿಬಿಡಿ. ಡಬ್ಬಿ, ಥರ್ಮೋಕೋಲ್ ಎಸೆಯಬೇಡಿ. ಬೆಲ್ಟ್ ಮೇಲೆ ಒಂದು ತುಂಡು ಬಿಳಿ ಟೇಪ್ ಅಂಟಿಸಿ. ಬೆಲ್ಟ್‌ನ ಪೂರ್ತಿ ಸುತ್ತಳತೆ ಕೈಪಿಡಿಯಲ್ಲಿ ಇಲ್ಲದಿದ್ದರೆ ಪ್ಲಗ್ ಕಿತ್ತು, ಕೈಯಿಂದ ತಿರುಗಿಸುತ್ತಾ ಅಳೆಯಿರಿ. 2.5 ಮೀಟರ್ ಇದೆ ಅಂದುಕೊಳ್ಳಿ. 5 ಕಿ.ಮೀ. ವೇಗಕ್ಕೆ ಇಟ್ಟು ಯಾರೂ ಹತ್ತದೆ ಫೋನ್‌ನಲ್ಲಿ ವಿಡಿಯೊ ತೆಗೆಯಿರಿ. ಟೇಪ್ ಹತ್ತು ಸುತ್ತು ಬರಲು 18 ಸೆಕೆಂಡ್ ಹಿಡಿಯಬೇಕು. ಈಗ ನೀವು ಹತ್ತಿ ನಡೆಯಿರಿ, ಮನೆಯವರು ಪಕ್ಕದಿಂದ ವಿಡಿಯೊ ಮಾಡಲಿ. 18 ಅಥವಾ 19 ಸೆಕೆಂಡ್ ಬಂದರೆ ಮೋಟಾರ್ ನಿಮ್ಮ ಭಾರ ಹೊರುತ್ತಿದೆ. 20 ಬಂದರೆ ನಿಜವಾದ ವೇಗ 4.5ಕ್ಕೆ ಇಳಿದಿದೆ. ಕಾಲಿಟ್ಟಾಗಲೆಲ್ಲ ಬೆಲ್ಟ್ ತಡವರಿಸಿದಂತೆ ಅನ್ನಿಸಿದರೆ ಮೊದಲು ಎಣ್ಣೆ, ಬಿಗಿ ಎರಡನ್ನೂ ಸರಿಮಾಡಿ ಮತ್ತೆ ನೋಡಿ. ಆಮೇಲೂ ಹಾಗೇ ಇದ್ದರೆ, ಅಥವಾ ಅರ್ಧ ಗಂಟೆ ನಡೆದ ಮೇಲೆ ಮೋಟಾರ್ ಮುಚ್ಚಳ ಕೈ ಇಡಲಾರದಷ್ಟು ಸುಡುತ್ತಿದ್ದರೆ, ಅದೇ ದಿನ ವಾಪಸ್ ಕಳಿಸಿ.